ಕೈ ತೋರಿದ ತಪ್ಪು

ಮಠದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದಾಗ, ಪ್ರಾತಃಕಾಲದ ಇಷ್ಟಲಿಂಗಪೂಜೆ ಮುಗಿದೊಡನೆ ಒಂದು ವಚನವನ್ನು ನೋಡಿ ಬರೆಯುವ ಕಟ್ಟಳೆಯಿತ್ತು. ಮುದ್ರಿತ ಪುಸ್ತಕವು ಕೈಯಲ್ಲಿರುವಾಗ ಮತ್ತೆ ಬರೆಯುವುದೇಕೆ ಎಂದು ಒಮ್ಮೆ ಕೇಳಿದೆವು. ಗುರುಗಳು ಉತ್ತರಿಸಲಿಲ್ಲ, ಓಲೆಯ ಕಟ್ಟೊಂದನ್ನು ತಂದು ನಮ್ಮೆದುರಿಗೆ ಬಿಚ್ಚಿದರು.

ಓಲೆಯ ಮೇಲೆ ಬರೆಯುವುದು ಸುಲಭದ ಕಾರ್ಯವಲ್ಲ. ಹದಗೊಳಿಸಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಅನಂತರ ಮಸಿಯನ್ನು ಸವರಿದರೆ ಬರಹವು ಸ್ಫುಟವಾಗಿ ಕಾಣುತ್ತದೆ. ಪದಪದಗಳ ನಡುವೆ ತೆರವಿರುವುದಿಲ್ಲ. ಹೀಗೆ ಪ್ರತಿ ಮಾಡುವಾಗ ಒಂದು ತಪ್ಪು ಮೇಲಿಂದ ಮೇಲೆ ನಡೆಯುತ್ತದೆ. ಎರಡು ಸಾಲುಗಳು ಒಂದೇ ಪದದಿಂದ ಮುಗಿದರೆ, ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ವಚನಗಳಲ್ಲಿಯಂತೂ ಇಂತಹ ಸಾಲುಗಳು ಹೇರಳ. ತಪ್ಪಿದ್ದರೆ ತಿದ್ದಿ ಓದಬೇಕೆಂದು ಎಷ್ಟೋ ಲಿಪಿಕಾರರು ಕಟ್ಟಿನ ಕೊನೆಯಲ್ಲಿ ಬೇಡಿಕೊಂಡಿರುವುದು ಸುಮ್ಮನೆ ಅಲ್ಲ.

ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (1880–1964) ಇಂತಹ ಕಟ್ಟುಗಳನ್ನು ಊರೂರುಗಳಿಂದ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹೆಸರು ಹೇಳಿಕೊಳ್ಳದ ಎಷ್ಟೋ ಕೈಗಳು ಶತಮಾನಗಳ ಕಾಲ ನೋಡಿ ನೋಡಿ ಬರೆಯದೆ ಹೋಗಿದ್ದರೆ, ಆ ಮಹನೀಯರಿಗೆ ದೊರೆಯುವುದಾದರೂ ಏನಿತ್ತು?

ಗುರುಗಳು ಕಲಿಸಿದ ನಿಯಮವು ಬರೆಯುವುದರಲ್ಲಿಯೇ ಮುಗಿಯುತ್ತಿರಲಿಲ್ಲ. ಬರೆದಾದ ಮೇಲೆ ಮೂಲದ ಮೇಲೊಂದು ಬೆರಳು, ಪ್ರತಿಯ ಮೇಲೊಂದು ಬೆರಳನ್ನಿಟ್ಟು ಪದಪದವನ್ನೂ ತಾಳೆ ನೋಡಬೇಕಾಗಿತ್ತು. ಇದರ ಮರ್ಮವು ನನಗೆ ತಿಳಿದುದು ಬಹುಕಾಲದ ಅನಂತರ.

ಸೇವೆಯಿಂದ ನಿವೃತ್ತನಾದ ವರ್ಷ ಆ ಅಭ್ಯಾಸವನ್ನು ಮತ್ತೆ ಹಿಡಿದಿದ್ದೆ. ಹಿರಿಯರ ಬಾವಿಯ ನೀರಿನ ಸರದಿಗಾಗಿ ನನಗೂ ತಮ್ಮನಿಗೂ ಮನಸ್ತಾಪವಾಗಿ, ಮಾತು ನಿಂತು ವರ್ಷ ಕಳೆದಿತ್ತು. ಒಂದು ಮುಂಜಾವು, ಶರಣರೊಬ್ಬರು ತಮ್ಮ ಮನದ ದೋಷಗಳನ್ನು ತಾವೇ ಎಣಿಸಿ ಹೇಳುವ ವಚನವನ್ನು ಬರೆದೆ. ತಾಳೆ ನೋಡಿದಾಗ ಒಂದು ಸಾಲು ಬಿಟ್ಟಿತ್ತು. ಅದು ಹಗೆತನವನ್ನು ಕುರಿತ ಸಾಲು. ಸಾಲುಗಳ ಮುಕ್ತಾಯ ಒಂದೇ ಆದುದರಿಂದ ಕಣ್ಣು ಹಾರಿತೆಂದು ಸಮಾಧಾನ ಮಾಡಿಕೊಂಡೆ. ಮರುದಿನ ಅದೇ ವಚನವನ್ನು ಎಚ್ಚರದಿಂದ ಮತ್ತೆ ಬರೆದೆ. ಅದೇ ಸಾಲು ಮತ್ತೆ ಬಿಟ್ಟುಹೋಗಿತ್ತು!

ಒಮ್ಮೆ ತಪ್ಪಿದುದು ಕಣ್ಣಾದರೆ ಆಗಲಿ. ಎರಡನೆಯ ಸಲ ತಪ್ಪಿದುದು ಕಣ್ಣಲ್ಲ. ಸಭೆಗಳಲ್ಲಿ ಆ ವಚನವನ್ನು ಎಷ್ಟೋ ಸಲ ವಿವರಿಸಿದವನು ನಾನು. ನಾಲಗೆಯು ಮುಚ್ಚಿಟ್ಟುದನ್ನು ಕೈ ಬಯಲಿಗೆ ತಂದಿತ್ತು.

ಅಂದು ಸಂಜೆ ನಾನಾಗಿಯೇ ತಮ್ಮನ ಮನೆಗೆ ಹೋದೆನು. ನೀರಿನ ವ್ಯಾಜ್ಯವು ಒಂದೇ ದಿನದಲ್ಲಿ ಬಗೆಹರಿಯಲಿಲ್ಲ. ಆದರೆ ಅವನು ಒಳಗೆ ಕರೆದನು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದೆವು.

ಬಂಧುಗಳೇ, ತಾಯಂದಿರೇ, ನಿಮ್ಮ ಮನೆಯಲ್ಲಿಯೂ ಒಂದು ವಹಿಯನ್ನಿಡಿರಿ. ದಿನಕ್ಕೆ ಒಂದೇ ವಚನ, ಕಾಲು ಗಂಟೆಯ ಹೊತ್ತು ಸಾಕು. ಮಕ್ಕಳೊಡನೆ ಹಿರಿಯರೂ ಬರೆಯಲಿ. ಅಕ್ಷರವು ದುಂಡಾಗದಿದ್ದರೆ ಚಿಂತೆಯಿಲ್ಲ. ಬರೆದುದನ್ನು ತಾಳೆ ನೋಡುವುದನ್ನು ಮಾತ್ರ ಬಿಡಬೇಡಿರಿ. ತಪ್ಪು ಕಂಡಾಗ ಒಡನೆಯೇ ಅಳಿಸದೆ, ಅದು ಅಲ್ಲಿಯೇ ಏಕೆ ಆಯಿತೆಂದು ಒಂದು ಗಳಿಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.

ಎರಡು ಸಲ ಸಾಲು ತಪ್ಪಿದ ಆ ಹಾಳೆಗಳನ್ನು ನಾನಿನ್ನೂ ತಿದ್ದಿಲ್ಲ.