ಎದೆಯೊಳಗಿನ ವಾಚ್‌ಮನ್

ಕಳೆದ ಮಾಗಿಯಲ್ಲಿ ನನಗೆ ನ್ಯುಮೋನಿಯಾ ಆಯಿತು. ನಾಲ್ಕು ದಿನ "ಬರೀ ನೆಗಡಿ, ಕಷಾಯಕ್ಕೆ ಹೋಗುತ್ತೆ" ಎಂದು ಮನೆಯವರ ಬಾಯಿ ಮುಚ್ಚಿಸಿದೆ. ಐದನೆಯ ದಿನ ಪಿ.ಜೆ. ಬಡಾವಣೆಯ ನಮ್ಮ ಮನೆಯಿಂದ ಬೀದಿಯ ತಿರುವಿನವರೆಗೂ ನಡೆಯಲಾಗಲಿಲ್ಲ. ಮಗ ಆಟೋ ಹತ್ತಿಸಿದ. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಭಾಗ ಬೆಳ್ಳಗಿತ್ತು. ಏಳನೇ ತರಗತಿಯ ಮೊಮ್ಮಗಳು ಅದನ್ನು ಬೆಳಕಿಗೆ ಹಿಡಿದು, "ಅಜ್ಜಾ, ಈ ಬಿಳೀದು ಏನು?" ಎಂದಳು. ಡಾಕ್ಟರು, "ಅಲ್ಲಿ ಯುದ್ಧ ನಡೀತಿದೆಯಮ್ಮ" ಎಂದರು.

ನಾನು ಓದಿದ್ದು ಬಿ.ಕಾಂ. ಡಾಕ್ಟರನ್ನು ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ, ಮಕ್ಕಳೇ.

ಶ್ವಾಸಕೋಶದ ತುದಿಯಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಗೂಡುಗಳಿವೆ. ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ನಮ್ಮ ಕಡೆಯ 20-40 ಸೈಟಿನಷ್ಟು! ದಿನಕ್ಕೆ ಹತ್ತು ಸಾವಿರ ಲೀಟರಿನಷ್ಟು ಗಾಳಿ ಒಳಗೆ ಹೋಗಿ ಬರುತ್ತದೆ. ಜೊತೆಗೆ ದೂಳು, ಹೊಗೆ, ಬ್ಯಾಕ್ಟೀರಿಯಾ. ಮೂಗು, ಲೋಳೆ, ಕೆಮ್ಮು ಹೆಚ್ಚಿನದನ್ನು ಬಾಗಿಲಲ್ಲೇ ತಡೆಯುತ್ತವೆ. ತಪ್ಪಿಸಿಕೊಂಡು ಗೂಡಿಗೆ ಬಂದದ್ದನ್ನು ನೋಡಿಕೊಳ್ಳಲು ಒಬ್ಬ ವಾಚ್‌ಮನ್ ಇದ್ದಾನೆ: ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ. ಗೂಡಿನ ಗೋಡೆಯ ಮೇಲೆ ತೆವಳುತ್ತಾ, ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗಿ ಒಳಗೇ ಅರಗಿಸಿಬಿಡುತ್ತಾನೆ. ಗಲಾಟೆಯಿಲ್ಲ, ಜ್ವರವಿಲ್ಲ. ನಮಗೆ ಗೊತ್ತೂ ಆಗುವುದಿಲ್ಲ.

ಇಂಥ ಕೋಶಗಳ ಕೆಲಸವನ್ನು ಮೊದಲು ಗುರುತಿಸಿದವರು ಎಲಿ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ನೊಬೆಲ್ ಬಂತು.

ಕಳ್ಳರು ಗುಂಪಾಗಿ ಬಂದರೆ ವಾಚ್‌ಮನ್ ಒಬ್ಬನಿಂದಾಗದು. ಆಗ ಅವನು ರಾಸಾಯನಿಕಗಳ ಅಲಾರಂ ಒತ್ತುತ್ತಾನೆ. ರಕ್ತದಲ್ಲಿ ಓಡಾಡುತ್ತಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಬರುತ್ತವೆ. ಕೆಲವು ನುಂಗುತ್ತವೆ, ಕೆಲವು ತಮ್ಮದೇ ಡಿಎನ್ಎಯನ್ನು ಬಲೆಯಂತೆ ಬೀಸಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸುತ್ತವೆ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಕಫಕ್ಕೆ ಹಸಿರು ಬಣ್ಣ ಬರುವುದೂ ಅವುಗಳೊಳಗಿನ ಒಂದು ಕಿಣ್ವದಿಂದ. ಗೂಡುಗಳಲ್ಲಿ ನೀರು, ಕೀವು ತುಂಬಿ ಗಾಳಿಗೆ ಜಾಗವಿಲ್ಲದಾದಾಗ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ನನಗೆ ಏದುಸಿರು ಬಂದದ್ದೂ ಅದಕ್ಕೇ. ಆಂಟಿಬಯೋಟಿಕ್ ಸಹಾಯಕ್ಕೆ ಬಂದು ಕಳ್ಳರು ಸೋತ ಮೇಲೆ, ಸತ್ತ ಸೈನಿಕರನ್ನು ನುಂಗಿ ನೆಲ ಗುಡಿಸುವುದೂ ಮ್ಯಾಕ್ರೋಫೇಜೇ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಮನೆಗೆ ಹೋಗದ ನಮ್ಮ ಕಾಲದ ಕ್ಯಾಷಿಯರ್ ಇದ್ದಹಾಗೆ.

ಇಷ್ಟರಲ್ಲಿ ಡಾಕ್ಟರು, "ಸಿಗರೇಟು ಇತ್ತಾ ಸಾರ್?" ಎಂದು ಕೇಳಿಬಿಟ್ಟರು, ಮೊಮ್ಮಗಳ ಎದುರೇ. ಇತ್ತು. ಇಪ್ಪತ್ತೆರಡು ವರ್ಷ, ಬ್ಯಾಂಕಿನ ಹಿಂದಿನ ಚಹಾ ಅಂಗಡಿಯಲ್ಲಿ. ಹೊಗೆಯ ಮಸಿ ನುಂಗಿ ನುಂಗಿ ವಾಚ್‌ಮನ್‌ನ ಮೈ ಕಂದಾಗುತ್ತದಂತೆ, ಬ್ಯಾಕ್ಟೀರಿಯಾ ನುಂಗುವ ಶಕ್ತಿ ಕುಗ್ಗುತ್ತದಂತೆ. ಅವಳು ಏನೂ ಅನ್ನಲಿಲ್ಲ. ಎಕ್ಸ್‌ರೇಯನ್ನು ಮೆಲ್ಲಗೆ ಕವರಿನೊಳಗೆ ಇಟ್ಟಳು.

ಈಗ ಕೂಸುಗಳಿಗೆ ನ್ಯುಮೊಕಾಕಸ್ ಲಸಿಕೆ ಸರ್ಕಾರದಿಂದಲೇ ಉಚಿತ. 2021ರಲ್ಲಿ ದೇಶದಾದ್ಯಂತ ಬಂತು: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ನಮ್ಮ ವಯಸ್ಸಿನವರಿಗೂ ಲಸಿಕೆ ಉಂಟು, ಡಾಕ್ಟರನ್ನು ಕೇಳಬೇಕು. ನಾನು ಹಾಕಿಸಿಕೊಂಡೆ, ಸ್ವಲ್ಪ ತಡವಾಗಿ.

ಈಗಲೂ ರಾತ್ರಿ ಕೆಮ್ಮಿದರೆ ಆಚೆ ಕೋಣೆಯಿಂದ ಕೂಗು ಬರುತ್ತದೆ: "ಅಜ್ಜಾ, ವಾಚ್‌ಮನ್ ಎದ್ದಾನಾ?"