ಬೆಕ್ಕಿನ ಮರಿಗೆ ಬಟ್ಟಲ ಹಾಲು ಬ್ಯಾಡ್ರಿ

ನಮ್ಮ ಕಡೆ ಹಿತ್ತಲದಾಗ ಬೆಕ್ಕಿನ ಮರಿ ಕಂಡ್ತಂದ್ರ ಮೊದಲ ಮಾಡೋ ಕೆಲಸ ಒಂದು ಬಟ್ಟಲದಾಗ ಹಾಲು ಹಾಕಿ ಇಡೋದು. ಅದು ಲೊಚಲೊಚ ನೆಕ್ಕೂದು ನೋಡಿದ್ರ ಪುಣ್ಯಾ ಕಟ್ಟಿಕೊಂಡಂಗ ಅನಸ್ತದ. ಎರಡು ದಿನಕ್ಕ ಮರಿಗೆ ಜುಲಾಬು ಹತ್ತಿ ಮುದುಡಿ ಮಲಗಿತಂದ್ರ, ‘ಅದರ ಆಯುಷ್ಯಾನ ಅಷ್ಟಿತ್ತು’ ಅಂತಾರ. ಆಯುಷ್ಯದ ಮ್ಯಾಲೆ ಹಾಕಬ್ಯಾಡ್ರಿ. ಭಾಳ ಸಲ ತಪ್ಪು ಆ ಬಟ್ಟಲದ್ದು.

ಆಕಳ ಹಾಲು ಇರೋದು ಕರಕ್ಕ. ತಾಯಿಬೆಕ್ಕಿನ ಹಾಲಿನಾಗ ಪ್ರೋಟೀನು ಅದರ ಎರಡು ಪಟ್ಟು ಇರ್ತದ. ಅದಕ್ಕ ಆಕಳ ಹಾಲು ಕುಡದ ಮರಿಗೆ ಹೊಟ್ಟಿ ತುಂಬಿದ್ರೂ ಮೈಗೆ ಹತ್ತೂದಿಲ್ಲ. ಹಾಲಿನಾಗಿನ ಲ್ಯಾಕ್ಟೋಸ್ ಅನ್ನೋ ಸಕ್ಕರಿ ಅರಗಸೋ ಶಕ್ತಿನೂ ಮರಿ ದೊಡ್ಡದಾದಂಗ ಕಡಿಮಿ ಆಗ್ತದ. ಅರಗದ ಸಕ್ಕರಿ ಕರುಳಿನಾಗ ನೀರು ಎಳಕೊಂಡು ಜುಲಾಬು ಮಾಡ್ತದ. ಹುಟ್ಟಿದ ಮರಿ ತೂಗೋದ 100 ಗ್ರಾಂ ಆಸುಪಾಸು. ಅಷ್ಟು ಸಣ್ಣ ಮೈಯಿಂದ ನೀರು ಹೋದ್ರ ಉಳಿಯೂದೇನು? ನಾವಾದ್ರ ಮಜ್ಜಿಗಿ ಅನ್ನಾ ಉಂಡು ನಾಳೆ ನೋಡೋಣ ಅಂತೀವಿ. ಮರಿಗೆ ಒಂದು ರಾತ್ರಿನೂ ಭಾಳಾತು.

ಹಂಗಂತ ಎಲ್ಲಾದಕ್ಕೂ ಹಾಲ ಕಾರಣ ಅಲ್ಲ. ಜಂತು ತಾಯಿಹಾಲಿನಿಂದನೂ ಬರ್ತಾವ. ಮೈ ಸೊರಗಿ ಹೊಟ್ಟಿ ಅಷ್ಟ ಡೊಳ್ಳಿನಂಗ ಉಬ್ಬಿದ್ರ ಜಂತಿನ ಸಂಶಯ ಇಟ್ಟಕೋರಿ. ವಾಂತಿ, ಜುಲಾಬು, ಜ್ವರ ಕೂಡಿ ಬಂದ್ರ ಪ್ಯಾನ್‌ಲ್ಯುಕೋಪೀನಿಯಾ ಅನ್ನೋ ವೈರಸ್ ರೋಗ ಇರಬಹುದು. ಲಸಿಕಿ ಹಾಕಸದ ಮರಿಗಳನ್ನ ಅದು ಲಗೂನ ಕೊಲ್ಲತದ. ಇದು ಯಾವುದಂತ ಅಡಗಿಮನ್ಯಾಗ ನಿಂತು ತೀರ್ಮಾನ ಮಾಡೂದಾಗೂದಿಲ್ಲ, ದನದ ದವಾಖಾನಿಗೆ ಹೋಗ್ರಿ. ನಮ್ಮ ಗುಳಿಗಿ ಮುರದು ಕೊಡೂದಂತೂ ಬ್ಯಾಡೇ ಬ್ಯಾಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಹಂಗಾರ ಮಾಡೂದೇನು? ಮರಿ ಬೆಚ್ಚಗಿದ್ರ, ಆರಾಮ ಇದ್ರ, ಲಗೂ ಎತ್ತಿಕೊಂಡು ಬರಬ್ಯಾಡ್ರಿ. ತಾಯಿ ಬೇಟೆಗೆ ಹೋಗಿರಬಹುದು, ದೂರ ನಿಂತು ನಾಕು ತಾಸು ನೋಡ್ರಿ. ತಾಯಿ ಬರಲಿಲ್ಲಂದ್ರ ಮೊದಲ ಮರಿನ್ನ ಬೆಚ್ಚಗ ಮಾಡ್ರಿ. ಮೈ ತಣ್ಣಗಿದ್ದಾಗ ಕುಡಿಸಿದ್ದು ಅರಗೂದಿಲ್ಲ. ಬೆಕ್ಕಿನ ಮರಿಗಂತನ ಮಾಡಿದ ಹಾಲಿನ ಪುಡಿ ಸಿಗ್ತದ, ಅದನ್ನ ಕಲಸಿ, ಮರಿನ್ನ ಬೋರಲ ಇಟಗೊಂಡು ಸ್ವಲ್ಪ ಸ್ವಲ್ಪ ಕುಡಸ್ರಿ. ಕೂಸಿನಂಗ ಅಂಗಾತ ಮಲಗಿಸಿದ್ರ ಹಾಲು ಶ್ವಾಸಕೋಶಕ್ಕ ಹೋಗ್ತದ. ಮೂರು ವಾರದೊಳಗಿನ ಮರಿ ತಾನಾಗೇ ಉಚ್ಚಿ-ಹೇಲು ಮಾಡೂದಿಲ್ಲ, ತಾಯಿ ನೆಕ್ಕಿ ಮಾಡಸ್ತದ. ತಾಯಿ ಇಲ್ಲದಾಗ ಪ್ರತಿಸಲ ಕುಡಿಸಿದ ಮ್ಯಾಲೆ ಬೆಚ್ಚನ ನೀರಾಗ ಅದ್ದಿದ ಹತ್ತಿಲೆ ಒರಸ್ರಿ. ಅಡಗಿಮನಿ ತಕ್ಕಡಿ ಇದ್ರ ದಿನಾ ತೂಕ ಬರದಿಡ್ರಿ. ದಿನಕ್ಕ ಸುಮಾರು 10 ಗ್ರಾಂ ಏರಬೇಕು. ಇಳೀತಂದ್ರ ಅವತ್ತ ಡಾಕ್ಟರ ಕಡೆ ಓಡ್ರಿ.

‘ನಮ್ಮಜ್ಜಿ ಕಾಲದಿಂದ ಹಾಲ ಹಾಕೇವಿ, ಬೆಕ್ಕು ಬೆಳದಾವ’ ಅಂತ ನೀವು ಅನಬಹುದು. ಬೆಳದಾವ, ಖರೆ. ಅವು ತಾಯಿಹಾಲು ಕುಡದು, ಇಲಿ ತಿಂದು ಬೆಳದಾವು. ಬದುಕಿದ್ದು ಜಗಲಿ ಮ್ಯಾಲೆ ಕಾಣ್ತಾವ, ಸತ್ತದ್ದನ್ನ ಹಿತ್ತಲದಾಗ ಯಾರು ಎಣಿಸ್ಯಾರ?

ಸಾಕೋ ಮನಸಿದ್ರ ಪುಡಿ ಡಬ್ಬಿಗೆ ರೊಕ್ಕಾ ಬಿಚ್ಚರಿ, ರಾತ್ರಿ ಎದ್ದೇಳ್ರಿ. ಆಗೂದಿಲ್ಲಂದ್ರ ಆಗೋರ ಕೈಗೆ ಕೊಡ್ರಿ. ಅದೂ ಪುಣ್ಯಾನ.