ಹಿತ್ತಲ ಗಲ್ಲಿ

ಬೆಂಗಳೂರಿನ ಹಳೆಯ ಬಡಾವಣೆಗಳ ಮಾತು ಬಂದಾಗಲೆಲ್ಲ ನಮ್ಮವರು ಮುಂಬಾಗಿಲಿನಲ್ಲೇ ನಿಂತುಬಿಡುತ್ತಾರೆ. ಮಲ್ಲೇಶ್ವರದ ಮನೆಯ ಮಂಗಳೂರು ಹೆಂಚು, ಕಿಟಕಿಯ ಮೇಲೆ ಚೂಪಾಗಿ ಚಾಚಿದ ಮರದ ‘ಮಂಕಿ ಟಾಪ್’, ಕೆಂಪು ಗಾರೆಯ ಜಗಲಿ, ಕಾಂಪೌಂಡಿನ ಸಂಪಿಗೆ ಮರ: ವರ್ಣನೆಗೇನೂ ಕೊರತೆಯಿಲ್ಲ. ಈ ವಾರ ವಾಚಕರನ್ನು ಅದೇ ಮನೆಯ ಹಿತ್ತಲಿಗೆ ಕರೆದೊಯ್ಯಬೇಕೆಂದಿದ್ದೇನೆ.

ಮಲ್ಲೇಶ್ವರ, ಬಸವನಗುಡಿಗಳೆರಡೂ ಪೇಟೆಯ ಇಕ್ಕಟ್ಟಿನಿಂದ ಹೊರಬರಲೆಂದು 19ನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಊರಿಗೆ ಪ್ಲೇಗು ಹೊಕ್ಕಿತು. ಗೋಡೆಗೆ ಗೋಡೆ ತಾಗಿಸಿ ಬಾಳಿದ ಪೇಟೆಯ ಸಂಸಾರಗಳಿಗೆ ಅಂದಿನಿಂದ ಗಾಳಿ, ಬೆಳಕು, ಮನೆಯ ಸುತ್ತಲಿನ ಖಾಲಿ ನೆಲ ಇವೆಲ್ಲ ಪ್ರಾಣರಕ್ಷಣೆಯ ಸಾಧನಗಳಾಗಿ ಕಂಡವು. ದಾರ ಹಿಡಿದು ಎಳೆದಂತಿರುವ ಆ ರಸ್ತೆಗಳನ್ನು ಕಂಡು ನಾವು ಇಂದಿಗೂ ಮೆಚ್ಚುತ್ತೇವೆ, ಮೆಚ್ಚತಕ್ಕದ್ದೇ.

ಆದರೆ ಅದೇ ನಕ್ಷೆಯಲ್ಲಿ ಇನ್ನೊಂದು ಗೆರೆಯೂ ಉಂಟು. ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ಸಾಲು ಮನೆಗಳ ನಡುವೆ ಕಿರಿದಾದ ಓಣಿ. ಜನ ಅದನ್ನು ‘ಕನ್ಸರ್ವೆನ್ಸಿ’ ಎಂದರು. ಹಿತ್ತಲ ತುದಿಯ ಕಕ್ಕಸಿಗೆ ಗಲ್ಲಿಯ ಕಡೆಯಿಂದ ಒಂದು ಪುಟ್ಟ ಬಾಗಿಲು. ಮಲ ಬಾಚುವವರು ಅಲ್ಲಿಂದ ಬಂದು ಅಲ್ಲಿಂದಲೇ ಹೋಗಬೇಕು. ಮುಂದಿನ ಗೇಟು ಅವರಿಗಲ್ಲ. ಹಾಲಿನವನ ಹಸುವಿನ ಹೆಸರನ್ನೂ ಬಲ್ಲ ಗೃಹಿಣಿಯರಿದ್ದರು. ಈ ಬಾಗಿಲಿಗೆ ಬರುತ್ತಿದ್ದವರ ಹೆಸರು ಬಲ್ಲವರು ಎಷ್ಟು ಮಂದಿಯೋ! ಮನೆ ಶುಚಿಯಾಗಬೇಕು, ಶುಚಿ ಮಾಡುವವರು ಮಾತ್ರ ಕಣ್ಣಿಗೆ ಬೀಳಕೂಡದು. ಜಾತಿ ಹೇಳಿದ್ದನ್ನು ನಕ್ಷೆ ಬರೆದವರು ಅಡ್ಡಗೋಲು ಹಿಡಿದು ನೆಲದ ಮೇಲೆ ಗೀಚಿದರು.

ನನ್ನ ಪರಿಚಯದ ವೃದ್ಧೆಯೊಬ್ಬರು ಹುಟ್ಟಿ ಬೆಳೆದದ್ದು ಇಂಥದೇ ಮನೆಯಲ್ಲಿ. ಮೊನ್ನೆ ಅವರನ್ನು ವಿಚಾರಿಸಿದೆ. “ಬೆಳಗಿನ ಹೊತ್ತು ಹಿತ್ತಲಿಗೆ ಹೋಗಬೇಡಿ ಅಂತ ಅಜ್ಜಿ ಗದರಿಸೋರು, ಕಣಪ್ಪ. ಯಾಕೆ ಅಂತ ನಾವು ಕೇಳಲೇ ಇಲ್ಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಒಂದು ಹೆಂಗಸು ಬರೋಳು. ಬಳೆ ಸದ್ದು ಕೇಳಿಸೋದು,” ಎಂದು ಸೇರಿಸಿದರು.

ಒಳಚರಂಡಿ ಬಂದ ಮೇಲೆ ಗಲ್ಲಿಯ ಕೆಲಸ ಮುಗಿಯಿತು. 1993ರ ಕೇಂದ್ರ ಕಾನೂನು ಮಲ ಹೊರುವ ಕೆಲಸವನ್ನು ನಿಷೇಧಿಸಿತು. 2013ರ ಕಾನೂನು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನೂ ನಿಷೇಧಿಸಿತು. ಆಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವು ಓದಿದ್ದೇವೆ, ಕಾಫಿ ಕುಡಿಯುತ್ತ.

ಗಲ್ಲಿಗಳಲ್ಲಿ ಕೆಲವು ಈಗ ಸದ್ದಿಲ್ಲದೆ ಅಕ್ಕಪಕ್ಕದ ಕಾಂಪೌಂಡುಗಳೊಳಗೆ ಸೇರಿಹೋಗಿವೆ. ಕೆಲವು ಸ್ಕೂಟರ್ ನಿಲ್ಲಿಸಲು ಉಪಯೋಗವಾಗುತ್ತಿವೆ. ಇನ್ನು ಕೆಲವನ್ನು ಶುಚಿಗೊಳಿಸಿ, ಗೋಡೆಗೆ ಚಿತ್ರ ಬರೆದು ಓಡಾಡುವಂತೆ ಮಾಡಿದ್ದಾರೆ. ಇದು ನನಗೆ ಸಂತೋಷದ ವಿಷಯವೇ. ಚಿತ್ರಗಳ ಮಧ್ಯೆ ಆ ಬಳೆಯ ಕೈಗೂ ಒಂದಿಷ್ಟು ಗೋಡೆ ಸಿಕ್ಕಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಮುಂದಿನ ಸಲ ಎಂಟನೆಯ ಕ್ರಾಸಿಗೆ ಹೂವು ಹಣ್ಣು ಕೊಳ್ಳಲು ಹೋದಾಗ ಹತ್ತಿರದ ಒಂದು ಗಲ್ಲಿಯನ್ನು ಹೊಕ್ಕು ನೋಡಿ. ಹಳೆಯ ಗೋಡೆಯಲ್ಲಿ, ಇಟ್ಟಿಗೆ ಇಟ್ಟು ಮುಚ್ಚಿದ ಪುಟ್ಟ ಬಾಗಿಲಿನ ಗುರುತು ಕಂಡರೂ ಕಾಣಬಹುದು. ಆ ಮನೆಯಲ್ಲಿ ಹಿರಿಯರಿದ್ದರೆ, ಅಲ್ಲಿಗೆ ಯಾರು ಬರುತ್ತಿದ್ದರೆಂದು ಕೇಳಿ ಬನ್ನಿ.